ಯಾವ ವಯಸ್ಸಿಗೆ ಯಾವ ಮಾಯೆ



1936ರಲ್ಲಿ ಇಂಗ್ಲೆಂಡಿನ ಹತ್ತು ವರ್ಷದ ಹುಡುಗನೊಬ್ಬ ಒಂದು ಹಸ್ತಪ್ರತಿ ಓದಿ ಅಭಿಪ್ರಾಯ ಬರೆದುಕೊಟ್ಟ. ಅವನ ಹೆಸರು ರೇನರ್ ಅನ್ವಿನ್. ತಂದೆ ಸ್ಟ್ಯಾನ್ಲಿ ಅನ್ವಿನ್ ಪ್ರಕಾಶಕರು. ಮಕ್ಕಳ ಪುಸ್ತಕಕ್ಕೆ ಮಕ್ಕಳೇ ಸರಿಯಾದ ಪರೀಕ್ಷಕರೆಂದು ಅವರು ನಂಬಿದ್ದರು. ಹಾಗೆ ಓದಿ ಬರೆದುಕೊಟ್ಟದ್ದಕ್ಕೆ ಮಗನ ಕೈಗೆ ಒಂದು ಶಿಲಿಂಗ್ ಹಾಕುತ್ತಿದ್ದರು. ಆ ಹಸ್ತಪ್ರತಿ ಟೋಲ್ಕಿನ್ ಅವರ ‘ದಿ ಹಾಬಿಟ್’. ಕಥೆ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಹಿಡಿಸುತ್ತದೆ ಎಂದು ರೇನರ್ ಬರೆದ. ತನಗೆ ಹತ್ತು, ಪುಸ್ತಕ ತನಗಿಂತ ಚಿಕ್ಕವರಿಗೆ! ಮರುವರ್ಷ ಅದು ಅಚ್ಚಾಯಿತು.

ಅದೇ ಹುಡುಗ ಬೆಳೆದು ಪ್ರಕಾಶನದ ಕೆಲಸಕ್ಕೆ ಬಂದ. 1950ರ ದಶಕದ ಆರಂಭದಲ್ಲಿ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅವನ ಮೇಜಿಗೆ ಬಂತು. ಅಷ್ಟು ದೊಡ್ಡ ಪುಸ್ತಕವನ್ನು ಯಾರು ಓದುತ್ತಾರೆಂದು ಅವನಿಗೂ ಗೊತ್ತಿರಲಿಲ್ಲ. ಸಾವಿರ ಪೌಂಡಿನವರೆಗೆ ನಷ್ಟ ಆಗಬಹುದು ಎಂದು ತಂದೆಗೆ ಬರೆದ, ಆದರೂ ಹಾಕೋಣ ಎಂದ. ತಂದೆ ಒಪ್ಪಿದರು. 1954-55ರಲ್ಲಿ ಮೂರು ಸಂಪುಟಗಳು ಹೊರಬಂದವು. ಹತ್ತರಲ್ಲಿ ವಯಸ್ಸಿನ ಲೆಕ್ಕವನ್ನು ಅಷ್ಟು ಖಚಿತವಾಗಿ ಹೇಳಿದವನು ಇಪ್ಪತ್ತಾರರಲ್ಲಿ ಆ ಲೆಕ್ಕವನ್ನೇ ಕೈಬಿಟ್ಟ. ಮೂವತ್ತೊಂದು ವರ್ಷ ಶಾಲಾ ಲೈಬ್ರರಿಯ ಕೌಂಟರಿನ ಹಿಂದೆ ಕೂತ ನನಗೆ ಈ ಎರಡನೆಯ ರೇನರ್ ಹೆಚ್ಚು ಹತ್ತಿರದವನು.

ಟೋಲ್ಕಿನ್ ಈ ವಯಸ್ಸಿನ ಲೆಕ್ಕದ ಬಗ್ಗೆ ಮಾತಾಡಿದ್ದು ಒಂದು ಉಪನ್ಯಾಸದಲ್ಲಿ. ಮಕ್ಕಳಿಗಾಗಿ ಹನ್ನೆರಡು ಸಂಪುಟಗಳ ಅದ್ಭುತ ಕಥೆಗಳನ್ನು ಸಂಪಾದಿಸಿದ ಆಂಡ್ರೂ ಲ್ಯಾಂಗ್ ಅವರ ಹೆಸರಿನ ಉಪನ್ಯಾಸ ಅದು. 1939ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಮಾಯೆಯ ಕಥೆಗಳು ಮಕ್ಕಳ ಸೊತ್ತು ಎಂಬುದು ಆಕಸ್ಮಿಕವಾಗಿ ಬಂದ ತಿಳಿವಳಿಕೆ ಎಂದರು ಅವರು. ದೊಡ್ಡವರಿಗೆ ಬೇಡವಾದ ಹಳೆಯ ಮೇಜು ಕುರ್ಚಿಗಳು ಮಕ್ಕಳ ಕೋಣೆ ಸೇರುವ ಹಾಗೆ ಈ ಕಥೆಗಳೂ ಅಲ್ಲಿಗೆ ಹೋದವು, ಮಕ್ಕಳು ಆರಿಸಿಕೊಂಡದ್ದರಿಂದಲ್ಲ ಎಂಬುದು ಅವರ ವಾದ. ನಮ್ಮಲ್ಲಿ ‘ಅಜ್ಜಿ ಕಥೆ ಹೇಳಬೇಡ’ ಎಂಬ ಬೈಗುಳ ಇದೆಯಲ್ಲ, ಅದು ಬಂದದ್ದೂ ಅದೇ ದಾರಿಯಲ್ಲಿ ಇರಬೇಕು.

ಹಾಗಾದರೆ ಯಾರಿಗೆ ಯಾವ ಫ್ಯಾಂಟಸಿ ಕಾದಂಬರಿ ಕೊಡಬೇಕು? ನಾನು ಮಾಡಿದ ಒಂದು ತಪ್ಪಿನಿಂದಲೇ ಹೇಳುತ್ತೇನೆ.

ನಾಲ್ಕನೇ ತರಗತಿಯ ಹುಡುಗಿ. ಹ್ಯಾರಿ ಪಾಟರ್‌ನ ಮೊದಲ ಮೂರು ಪುಸ್ತಕಗಳನ್ನು ಒಂದು ತಿಂಗಳಲ್ಲಿ ಓದಿ ಮುಗಿಸಿದ್ದಳು. ನಾಲ್ಕನೆಯದು ಕೊಡಿ ಎಂದು ಕೇಳಿದಳು, ನಾನು ಹೆಮ್ಮೆಯಿಂದ ಕೊಟ್ಟೆ. ವಾರದ ಮೇಲೆ ಅವಳ ತಾಯಿ ಬಂದರು. “ಮಿಸ್, ಮಗು ರಾತ್ರಿ ಲೈಟ್ ಆರಿಸೋಕೇ ಬಿಡ್ತಿಲ್ಲ” ಎಂದರು. ಆ ಪುಸ್ತಕದ ಕೊನೆಗೆ ಸ್ಮಶಾನದಲ್ಲಿ ಒಳ್ಳೆಯ ಹುಡುಗನೊಬ್ಬ ಸುಮ್ಮನೆ, ಯಾವ ಕಾರಣಕ್ಕೂ ಅಲ್ಲದೆ, ಕೊಲೆಯಾಗುತ್ತಾನೆ. ರೌಲಿಂಗ್ ತಮ್ಮ ನಾಯಕನನ್ನು ಪುಸ್ತಕಕ್ಕೊಂದು ವರ್ಷದಂತೆ ಹನ್ನೊಂದರಿಂದ ಹದಿನೇಳರವರೆಗೆ ಬೆಳೆಸುತ್ತಾರೆ. ಪುಸ್ತಕದ ಭಯವೂ ಅವನ ಜೊತೆಗೇ ಬೆಳೆಯುತ್ತದೆ. 1997ರಿಂದ 2007ರವರೆಗೆ ಒಂದೊಂದಾಗಿ ಪುಸ್ತಕ ಬಂದಾಗ ಓದುತ್ತಿದ್ದವರು ಹ್ಯಾರಿಯ ಜೊತೆ ತಾವೂ ದೊಡ್ಡವರಾಗುತ್ತ ಹೋದರು. ಏಳೂ ಪುಸ್ತಕ ಒಂದೇ ಬೀರುವಿನಲ್ಲಿ ಸಾಲಾಗಿ ಕೂತಿರುವಾಗ ಆ ಕಾಯುವಿಕೆ ಇಲ್ಲ. ಆ ಹುಡುಗಿಗೆ ಓದುವ ಶಕ್ತಿ ಇತ್ತು, ತಾಳುವ ಶಕ್ತಿ ಇನ್ನೂ ಬಂದಿರಲಿಲ್ಲ. ಅವೆರಡೂ ಬೇರೆ ಎಂಬುದು ನನಗೆ ಹೊಳೆದಿರಲಿಲ್ಲ.

ಅದೇ ಹುಡುಗಿ ಅಜ್ಜಿಯ ಬಾಯಲ್ಲಿ ರಾಕ್ಷಸರ ಕಥೆಗಳನ್ನು ಕೇಳಿ ನಕ್ಕವಳು. ತಲೆ ಕಡಿಯುವುದು, ಮನುಷ್ಯರನ್ನು ನುಂಗುವುದು ಎಲ್ಲ ಅಲ್ಲಿಯೂ ಉಂಟು. ಆದರೆ ಜನಪದ ಕಥೆಯ ರಾಜಕುಮಾರನಿಗೆ ಮುಖ ಇರುವುದಿಲ್ಲ, ಕಥೆ ಅರ್ಧ ಗಂಟೆಗೆ ಮುಗಿಯುತ್ತದೆ, ಹೆದರಿದರೆ ಪಕ್ಕದಲ್ಲೇ ಅಜ್ಜಿಯ ಸೆರಗು ಇದೆ. ಕಾದಂಬರಿಯಲ್ಲಿ ಮಗು ಆ ಹುಡುಗನ ಜೊತೆ ಆರುನೂರು ಪುಟ ಬಾಳಿರುತ್ತದೆ, ಅದೂ ಒಂಟಿಯಾಗಿ. ಭರತ ಅದ್ಭುತಕ್ಕೆ ವಿಸ್ಮಯವನ್ನೂ ಭಯಾನಕಕ್ಕೆ ಭಯವನ್ನೂ ಸ್ಥಾಯಿಭಾವವೆಂದು ಬೇರೆಬೇರೆಯಾಗಿ ಇಟ್ಟ. ಫ್ಯಾಂಟಸಿಯಲ್ಲಿ ಎರಡೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಯಾವುದು ಎಷ್ಟು ಎಂಬ ಹದ ನೋಡುವುದೇ ಶಿಫಾರಸು ಮಾಡುವವರ ಕೆಲಸ, ಅದನ್ನು ಪುಸ್ತಕ ಓದದೆ ತಿಳಿಯಲಾಗದು.

ಹಿಂದಿನ ರಕ್ಷಾಪುಟದ ಮೇಲೆ ‘7+’, ‘9+’ ಎಂದು ಮುದ್ರಿಸಿದರೆ ಸಾಕಲ್ಲವೇ ಎನ್ನುವವರಿದ್ದಾರೆ. 2008ರಲ್ಲಿ ಬ್ರಿಟನ್ನಿನ ಪ್ರಕಾಶಕರು ಹಾಗೇ ಮಾಡಹೊರಟಾಗ ಫಿಲಿಪ್ ಪುಲ್ಮನ್ ಮೊದಲಾಗಿ ಅನೇಕ ಲೇಖಕರು ವಿರೋಧಿಸಿದರು. ಹನ್ನೊಂದು ವರ್ಷದ ಹುಡುಗ ನಿಧಾನವಾಗಿ ಓದುವವನಾದರೆ ‘7+’ ಎಂದಿರುವ ಪುಸ್ತಕವನ್ನು ಸಹಪಾಠಿಗಳ ಮುಂದೆ ಕೈಗೆ ತೆಗೆದುಕೊಳ್ಳುವುದಿಲ್ಲ. ಅವನಿಗೆ ಬೇಕಾದ ಪುಸ್ತಕವೇ ಅದಾಗಿದ್ದರೂ ಮುಟ್ಟುವುದಿಲ್ಲ. ನಾನು ಪುಲ್ಮನ್ ಪಕ್ಷ.

ಹಾಗಾಗಿ ನಾನು ಮುಂದೆ ಹೇಳುವ ವಯಸ್ಸುಗಳು ಬರೀ ಅಂದಾಜು. ಏಳರ ಒಳಗಿನ ಮಕ್ಕಳಿಗೆ ಪುಸ್ತಕ ಕೊಡಬೇಡಿ, ಓದಿ ಹೇಳಿ. ಆಗ ಕಿವಿಯ ವಯಸ್ಸು ಕಣ್ಣಿನ ವಯಸ್ಸಿಗಿಂತ ಮುಂದೆ ಇರುತ್ತದೆ. ಆಲಿಸಳ ಕಥೆಯೂ ಹುಟ್ಟಿದ್ದು ಬಾಯಿಯಲ್ಲೇ: 1862ರ ಜುಲೈ 4ರಂದು ದೋಣಿಯಲ್ಲಿ ಕೂತ ಮೂವರು ಪುಟ್ಟ ಅಕ್ಕತಂಗಿಯರಿಗೆ ಲೂಯಿಸ್ ಕ್ಯಾರಲ್ ಹೇಳಿದ ಕಥೆ, ಮೂರು ವರ್ಷದ ಮೇಲೆ ಪುಸ್ತಕವಾಯಿತು. ನಾ. ಕಸ್ತೂರಿಯವರು ಅದನ್ನು ‘ಪಾತಾಳದಲ್ಲಿ ಪಾಪಚ್ಚಿ’ ಮಾಡಿದರು. ಆ ಹೆಸರನ್ನೇ ಒಮ್ಮೆ ಗಟ್ಟಿಯಾಗಿ ಹೇಳಿನೋಡಿ. ಆಲಿಸ್ ಎಂದರೆ ಯಾವುದೋ ದೇಶದ ಹುಡುಗಿ, ಪಾಪಚ್ಚಿ ಎಂದರೆ ನಮ್ಮ ಮನೆಯ ಮಗು.

ಎಂಟರಿಂದ ಹನ್ನೊಂದರ ನಡುವೆ ದಾರಿ ಸುಲಭ. ರೋಆಲ್ಡ್ ಡಾಲ್ ಅವರ ‘ದಿ ಬಿಎಫ್‌ಜಿ’, ‘ಹಾಬಿಟ್’, ಸಿ.ಎಸ್. ಲೂಯಿಸ್ ಅವರ ನಾರ್ನಿಯಾ, ಇವುಗಳಲ್ಲಿ ಯಾವುದನ್ನಾದರೂ ಕೊಡಬಹುದು. ನಾರ್ನಿಯಾದ ಏಳು ಪುಸ್ತಕಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಈಗಿನ ಮುದ್ರಣಗಳು ಕಥಾಕಾಲದ ಕ್ರಮ ಹಿಡಿದು, 1955ರಲ್ಲಿ ಬಂದ ಪುಸ್ತಕವನ್ನು ಮೊದಲನೆಯದಾಗಿ ಇಡುತ್ತವೆ. ನನ್ನ ಮಾತು ಕೇಳುವುದಾದರೆ 1950ರಲ್ಲಿ ಬಂದ, ಬಟ್ಟೆಯ ಬೀರುವಿನೊಳಗಿಂದ ನಾರ್ನಿಯಾಕ್ಕೆ ಹೋಗುವ ಕಥೆಯಿಂದಲೇ ಶುರುಮಾಡಿ. ಕೋಟುಗಳ ನಡುವೆ ಕೈಯಾಡಿಸುತ್ತ ಹೋದ ಪುಟ್ಟ ಹುಡುಗಿ ಲೂಸಿಯ ಕಾಲಿಗೆ ಹಿಮ ತಾಗುವಾಗ, ಅದು ಏನೆಂದು ಓದುವ ಮಗುವಿಗೂ ಮೊದಲೇ ಗೊತ್ತಿರಬಾರದು.

ಹನ್ನೆರಡರಿಂದ ಹದಿನೈದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ಮಕ್ಕಳು ಓದು ಬಿಡುವುದು ಈ ವಯಸ್ಸಿನಲ್ಲೇ. ಈ ವಯಸ್ಸಿಗೆ ನಾನು ಮೊದಲು ಎತ್ತಿಕೊಡುವುದು ಅಮೆರಿಕದ ಅರ್ಸುಲಾ ಲೆ ಗ್ವಿನ್ ಅವರ 1968ರ ‘ಎ ವಿಝರ್ಡ್ ಆಫ್ ಅರ್ತ್‌ಸೀ’. ಗೆಡ್ ಎಂಬ ಆಡು ಕಾಯುವ ಹುಡುಗ ಮಂತ್ರವಿದ್ಯೆ ಕಲಿಯಲು ಹೋಗುತ್ತಾನೆ. ಜೊತೆಯವನ ಮೇಲಿನ ಜಿದ್ದಿಗೆ, ಕರೆಯಬಾರದ್ದನ್ನು ಕರೆದು ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ. ಮೊದಲು ಅದರಿಂದ ತಪ್ಪಿಸಿಕೊಂಡು ಓಡುತ್ತಾನೆ, ಆಮೇಲೆ ತಾನೇ ಅದನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಕೊನೆಗೆ ಅದನ್ನು ತನ್ನದೇ ಹೆಸರಿನಿಂದ ಕರೆದು ಅಪ್ಪಿಕೊಳ್ಳುತ್ತಾನೆ. ಹದಿಮೂರು ವರ್ಷಕ್ಕೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ? ಗೆಡ್ ಕಂದುಬಣ್ಣದವನು ಎಂಬುದೂ ಮುಖ್ಯ. ಲೆ ಗ್ವಿನ್ ಬೇಕೆಂದೇ ಹಾಗೆ ಮಾಡಿದರು.

ಆ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜನಾಮ ಇದೆ. ಅದು ಗೊತ್ತಾದವರಿಗೆ ಅದರ ಮೇಲೆ ಅಧಿಕಾರ. ಇದನ್ನು ವಿವರಿಸುವುದು ಹೇಗೆಂದು ಯೋಚಿಸುತ್ತಿದ್ದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು, ಬಾಗಲಕೋಟೆ ಕಡೆಯವಳು, ಹೇಳಿದಳು: “ನಮ್ಮ ಆಯಿ ಅಜ್ಜನ ಹೆಸರ ಹೇಳೂದಿಲ್ರಿ ಮಿಸ್. ಲಗ್ನದಾಗ ಹೇಳಬೇಕಾದ್ರ ಒಡಪು ಹಾಕ್ತಾರ.” ಹೆಸರನ್ನು ಮುಚ್ಚಿಡುವ, ಒಗಟಿನಲ್ಲಿ ಸುತ್ತಿ ಹೇಳುವ ರೂಢಿಯಲ್ಲಿ ಬೆಳೆದವಳಿಗೆ ಅರ್ತ್‌ಸೀ ದ್ವೀಪಗಳು ದೂರವೆನಿಸಲಿಲ್ಲ. ಇನ್ನೊಬ್ಬ ಹುಡುಗ, ಹ್ಯಾರಿ ಪಾಟರ್‌ನ ವೈರಿ ವೋಲ್ಡೆಮಾರ್ಟ್ ತನ್ನ ಜೀವವನ್ನು ವಸ್ತುಗಳಲ್ಲಿ ಅಡಗಿಸಿಟ್ಟದ್ದನ್ನು ಓದಿ, “ಇದು ಏಳು ಸಮುದ್ರದ ಆಚೆಯ ಗಿಳಿ ಅಲ್ವಾ?” ಎಂದ. ರಾಕ್ಷಸನ ಪ್ರಾಣ ಗಿಳಿಯಲ್ಲಿರುವ ಕಥೆ ಕೇಳಿದ್ದವನಿಗೆ ಏಳು ಪುಸ್ತಕಗಳ ಗುಟ್ಟು ಬೇಗ ಬಿಚ್ಚಿಕೊಂಡಿತು.

ಆದರೆ ಈ ವಯಸ್ಸಿನಲ್ಲೇ ಒಂದು ದೊಡ್ಡ ತೊಡಕಿದೆ. ಕನ್ನಡ ಶಾಲೆಯ ಹದಿಮೂರರ ಹುಡುಗನ ಮನಸ್ಸು ಹದಿಮೂರರದೇ. ಅವನ ಇಂಗ್ಲಿಷ್ ಎಂಟು ವರ್ಷದ್ದು. ಮನಸ್ಸಿಗೆ ತಕ್ಕ ಪುಸ್ತಕ ಕೊಟ್ಟರೆ ಭಾಷೆ ಎಡವಿಸುತ್ತದೆ, ಭಾಷೆಗೆ ತಕ್ಕದ್ದು ಕೊಟ್ಟರೆ ‘ಇದು ಚಿಕ್ಕ ಮಕ್ಕಳದ್ದು’ ಎಂದು ಮೇಜಿನ ಮೇಲೆ ಇಟ್ಟು ಹೋಗುತ್ತಾನೆ. ಲೈಬ್ರರಿ ಪೀರಿಯಡ್ಡಿನಲ್ಲಿ ಗೆಡ್‌ನ ಕಥೆಯನ್ನು ವಾರಕ್ಕೊಂದು ಅಧ್ಯಾಯದಂತೆ ಕನ್ನಡದಲ್ಲಿ ಹೇಳಲು ನಾನು ಶುರುಮಾಡಿದ್ದು ಇದಕ್ಕೇ. ಮೂರನೆಯ ವಾರ ನಾಲ್ಕು ಜನ ಮೂಲವನ್ನೇ ಕೇಳಿದರು. ಕಥೆ ಗೊತ್ತಾದ ಮೇಲೆ ಗೊತ್ತಿಲ್ಲದ ಪದಗಳು ಅಷ್ಟು ಹೆದರಿಸುವುದಿಲ್ಲ.

ಡ್ರ್ಯಾಗನ್ ಕಥೆಯೇ ಬೇಕೆಂದು ಹಟ ಹಿಡಿದ ಹುಡುಗನಿಗೆ ನಾನು ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. ಅದು ಫ್ಯಾಂಟಸಿ ಅಲ್ಲ ಎನ್ನುತ್ತೀರಿ. ನಿಜ. ಆದರೆ ಪಶ್ಚಿಮ ಘಟ್ಟದ ಹಾರುವ ಓತಿಯ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಡ್ರಾಕೊ, ಅಂದರೆ ಡ್ರ್ಯಾಗನ್. ಆ ಕಾದಂಬರಿಯಲ್ಲಿ ಮಲೆನಾಡಿನ ಕಾಡಿನೊಳಗೆ ಆ ಓತಿಯನ್ನು ಹುಡುಕಿ ಹೋಗುವವರ ಬೆರಗು ಯಾವ ಮಾಯಾಲೋಕದ ಬೆರಗಿಗೂ ಕಡಿಮೆಯಲ್ಲ. ಆ ಹುಡುಗ ಪುಸ್ತಕ ಹಿಂದಿರುಗಿಸುವಾಗ ಒಂದೇ ಮಾತು ಕೇಳಿದ: “ಅದು ನಿಜವಾಗ್ಲೂ ಇದೆಯಾ ಮಿಸ್?”

ಒಂಬತ್ತನೇ ತರಗತಿಗೆ ಬರುತ್ತಲೇ ಮನೆಯವರು ಕಥೆಪುಸ್ತಕ ಕಸಿದುಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿ ಆಗಲಿ, ಆಮೇಲೆ ಓದಿದರಾಯಿತು ಎನ್ನುತ್ತಾರೆ. ಆಮೇಲೆ ಪಿಯುಸಿ ಬರುತ್ತದೆ, ಸಿಇಟಿ ಬರುತ್ತದೆ. ಆ ಕೈಗೆ ಪುಸ್ತಕ ಮತ್ತೆ ಬರುವುದಿಲ್ಲ. ನಾನು ಬೇರೆಲ್ಲದಕ್ಕೂ ಸಮಾಧಾನ ತಂದುಕೊಂಡೆ, ಇದಕ್ಕೆ ಮಾತ್ರ ಇವತ್ತಿಗೂ ಆಗಿಲ್ಲ.

ದೊಡ್ಡವರಿಗೂ ಒಂದು ಮಾತು. ನನಗೆ ಐವತ್ತಾದಾಗ ‘ಹಾಬಿಟ್’ ಮತ್ತೆ ಓದಿದೆ. ಮನೆ ಬಿಟ್ಟು ಹೊರಡುವಾಗ ಅದರ ನಾಯಕ ಬಿಲ್ಬೊಗೂ ಐವತ್ತೇ ಎಂಬುದು ಆಗ ಕಣ್ಣಿಗೆ ಬಿತ್ತು. ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಫ್ರೋಡೊ ಉಂಗುರ ಹೊತ್ತು ಹೊರಟದ್ದೂ ಐವತ್ತರಲ್ಲೇ. ಕಾಲೇಜಿನಲ್ಲಿ ಓದಿದಾಗ ಯುದ್ಧಗಳಿಗಾಗಿ ಪುಟ ಹಾರಿಸಿದ್ದೆ. ಈಗ, ಗೆದ್ದು ಊರಿಗೆ ಬಂದ ಫ್ರೋಡೊನ ಗಾಯ ಮಾಯದೆ, ಊರಿನಲ್ಲಿ ಇರಲಾಗದೆ ಹೋಗುವ ಕೊನೆಯ ಅಧ್ಯಾಯದಲ್ಲಿ ತುಂಬಾ ಹೊತ್ತು ನಿಂತೆ. ಟೋಲ್ಕಿನ್ 1916ರಲ್ಲಿ ಸೊಮ್ ಕಾಳಗದಲ್ಲಿದ್ದವರು. ಲೆ ಗ್ವಿನ್ ಕೂಡ ಅರ್ತ್‌ಸೀಗೆ 1990ರಲ್ಲಿ ಮರಳಿದರು. ‘ತೆಹಾನು’ ಬಂದಾಗ ಅವರಿಗೆ ಅರವತ್ತರ ವಯಸ್ಸು. ಅಲ್ಲಿ ಗೆಡ್ ತನ್ನ ಮಂತ್ರಶಕ್ತಿಯನ್ನೆಲ್ಲ ಕಳೆದುಕೊಂಡು ಬಂದಿದ್ದಾನೆ. ನಡುವಯಸ್ಸಿನ ವಿಧವೆ ಟೆನಾರ್, ಸುಟ್ಟಗಾಯದ ಮಗುವೊಂದನ್ನು ಸಾಕುತ್ತ ಆಡು ನೋಡಿಕೊಂಡಿದ್ದಾಳೆ. ನಿವೃತ್ತರಾದ ಸಹೋದ್ಯೋಗಿಯೊಬ್ಬರಿಗೆ ಅದನ್ನು ಕೊಟ್ಟೆ. ಮಕ್ಕಳ ಪುಸ್ತಕವೆಂದು ಮೊದಲು ಮುಟ್ಟಲಿಲ್ಲ, ಆಮೇಲೆ ಹಿಂದಕ್ಕೆ ಕೊಡಲಿಲ್ಲ.

ನನ್ನ ಕಸುಬಿನಲ್ಲಿ ನಾನು ಕಂಡುಕೊಂಡ ಪ್ರಶ್ನೆ ಒಂದೇ. ಮಗುವಿನ ವಯಸ್ಸು ಕೇಳುವುದಿಲ್ಲ, ಇಷ್ಟದ ಪುಸ್ತಕ ಯಾವುದೆಂದೂ ಕೇಳುವುದಿಲ್ಲ. ಅದಕ್ಕೆ ಮಕ್ಕಳು ನಮಗೆ ಬೇಕಾದ ಉತ್ತರ ಕೊಡುತ್ತಾರೆ. “ಯಾವ ಪುಸ್ತಕವನ್ನು ಅರ್ಧಕ್ಕೇ ಬಿಟ್ಟೆ, ಎಲ್ಲಿ ಬಿಟ್ಟೆ?” ಎಂದು ಕೇಳುತ್ತೇನೆ. ಬೇಸರವಾಗಿ ಬಿಟ್ಟಿತೋ, ಹೆದರಿ ಬಿಟ್ಟಿತೋ, ಪದ ಅರ್ಥವಾಗದೆ ಬಿಟ್ಟಿತೋ ಗೊತ್ತಾದರೆ ಮುಂದಿನ ಪುಸ್ತಕ ತಾನೇ ಕೈಗೆ ಬರುತ್ತದೆ. ಆ ನಾಲ್ಕನೇ ತರಗತಿಯ ಹುಡುಗಿ ಸ್ಮಶಾನದ ಅಧ್ಯಾಯಕ್ಕೆ ಬಿಟ್ಟಿದ್ದಳು. ಏಳನೇ ತರಗತಿಗೆ ಬಂದ ವರ್ಷ ತಾನೇ ಬಂದು ಆ ಪುಸ್ತಕ ಕೇಳಿದಳು, ಬಿಟ್ಟಲ್ಲಿಂದಲೇ ಓದಿದಳು.

ನಮ್ಮ ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳಿವೆ, ಬೀರುವಿಗೆ ಬೀಗ ಇದೆ, ಬೀಗದ ಕೈ ಆಫೀಸಿನಲ್ಲಿದೆ. ನಿಮ್ಮ ಊರಿನ ಶಾಲೆಗೆ ಹೋಗಿ ಆ ಕೈ ಕೇಳಿ ತೆಗೆದುಕೊಳ್ಳಿ. ಒಂದು ಪುಸ್ತಕ ಮನೆಗೆ ಒಯ್ದು ಮೊದಲು ನೀವು ಪೂರ್ತಿ ಓದಿ. ಮುಂದಿನ ವಾರ ಬಂದು ಮೊದಲ ಅಧ್ಯಾಯವನ್ನು ಮಕ್ಕಳಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿ, ಬೀರುವನ್ನು ತೆರೆದೇ ಇಟ್ಟು ಬನ್ನಿ.