ಹತ್ತಿರದ ಬೇಟೆಗೆ ಹಗುರವಾದ ಕೋವಿ



ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿಬಂದವರೆಲ್ಲರೂ ಅಲ್ಲಿಯ ದ್ವಾರದ ಬಳಿಯಲ್ಲಿರುವ ಆ ಪ್ರಸಿದ್ಧ ಶಿಲ್ಪವನ್ನು ಕಂಡಿರುತ್ತಾರೆ. ಮೇಲೆರಗುತ್ತಿರುವ ಮೃಗವೊಂದನ್ನು ತರುಣನೊಬ್ಬನು ಕೈಯ ಆಯುಧದಿಂದ ತಿವಿಯುತ್ತಿರುವನು. ಸಳನ ಐತಿಹ್ಯವನ್ನು ಅರಿಯದ ಕನ್ನಡಿಗರು ವಿರಳ. ಆ ಮೃಗವು ಹುಲಿಯೋ ಸಿಂಹವೋ ಎಂಬ ಚರ್ಚೆಯನ್ನು ನಾವು ವಿದ್ವಾಂಸರಿಗೆ ಬಿಡುತ್ತೇವೆ. ನಮ್ಮ ಗಮನವು ಬೇರೊಂದು ಅಂಶದ ಮೇಲಿದೆ. ಮೃಗಕ್ಕೂ ಮನುಷ್ಯನಿಗೂ ನಡುವೆ ಇರುವ ಅಂತರವು ಒಂದು ತೋಳಿನಷ್ಟು. ಅವನ ಕೈಯಲ್ಲಿರುವ ಆಯುಧವು ಮೋಟು. ಉದ್ದವಾದ ಈಟಿಯನ್ನು ಹಿಡಿದಿದ್ದರೆ ಅದನ್ನು ತಿರುಗಿಸುವಷ್ಟರಲ್ಲಿ ಹೊಯ್ಸಳ ವಂಶವೇ ಇರುತ್ತಿರಲಿಲ್ಲವೇನೋ!

ಹತ್ತಿರಕ್ಕೆ ಬಂದ ದೊಡ್ಡ ಮೃಗಕ್ಕೆ ಎಂತಹ ಆಯುಧವು ತಕ್ಕದ್ದು ಎಂಬುದೇ ಈ ದಿನದ ನಮ್ಮ ವಿಷಯವು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಶ್ರವಣಬೆಳಗೊಳದ ಗೊಮ್ಮಟನು ನಿಂತಿರುವಾಗ ಹಾಸನದ ಸೀಮೆಯನ್ನು ಕುರಿತು ಬೇಟೆಯ ಮಾತನ್ನಾಡುವುದು ನಮಗೆ ಸ್ವಲ್ಪ ಸಂಕೋಚವೇ ಸರಿ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವಿನೋದದ ಬೇಟೆಗೆ ತೆರೆಯೆಳೆದಿರುವುದರಿಂದ, ನಾವು ಆಡುವ ಮಾತು ಒಂದು ಉಪಕರಣದ ಚರಿತ್ರೆಯೇ ಹೊರತು ಪ್ರಚೋದನೆಯಲ್ಲ.

ಕೋವಿಯನ್ನು ನಿರ್ಣಯಿಸುವುದು ಮೊದಲು ನೆಲ, ಆಮೇಲೆ ಮೃಗ. ಚನ್ನರಾಯಪಟ್ಟಣದ ಬಯಲಿನಲ್ಲಿ ನಿಂತವನ ಕಣ್ಣು ಮೈಲಿಯಾಚೆಯ ತೆಂಗಿನ ತೋಟದವರೆಗೆ ಓಡುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಗದ್ದೆ ತೋಪುಗಳು ದೃಷ್ಟಿಯನ್ನು ಒಂದಿಷ್ಟು ತಡೆಯುತ್ತವೆ. ಅರಕಲಗೂಡನ್ನು ದಾಟಿ ಕೊಡಗಿನ ಗಡಿಯ ಕಡೆಗೆ ನಡೆದರಂತೂ ಕಾಫಿಯ ಗಿಡ, ಬಿದಿರು, ಲಂಟಾನದ ಪೊದೆ. ಇಪ್ಪತ್ತು ಗಜದಾಚೆಗೆ ಏನಿದೆಯೆಂದು ಹೇಳಬಲ್ಲವರಿಲ್ಲ. ಬಯಲಿನ ಬೇಟೆಗಾರನಿಗೆ ಬೇಕಾದದ್ದು ಉದ್ದವಾದ ಕೊಳವೆ, ಸಣ್ಣ ಗುಂಡು, ಅದಕ್ಕೆ ಅತಿಶಯ ವೇಗ. ಪೊದೆಯ ಬೇಟೆಗಾರನಿಗೆ ಇವು ಮೂರೂ ಕೆಲಸಕ್ಕೆ ಬಾರವು. ಅವನ ಕೊಳವೆಯು ಬಳ್ಳಿಗೆ ತೊಡರಬಾರದು, ಗುಂಡು ದಪ್ಪವಾಗಿರಬೇಕು, ಕೋವಿಯು ತಾನಾಗಿಯೇ ಭುಜಕ್ಕೆ ಬಂದು ಕೂಡಬೇಕು. ಏಕೆಂದರೆ ಗುರಿಯಿಡುವುದಕ್ಕೆ ಅವನಿಗೆ ದೊರೆಯುವ ಕಾಲವು ಎರಡು ಉಸಿರಿನಷ್ಟು ಮಾತ್ರ.

ಹತ್ತೊಂಬತ್ತನೆಯ ಶತಮಾನದವರು ಈ ಪ್ರಶ್ನೆಯನ್ನು ಬಿಡಿಸಿದ ರೀತಿಯು ಸರಳವಾಗಿದ್ದಿತು: ಮೃಗವು ದೊಡ್ಡದಾದರೆ ಕೋವಿಯೂ ದೊಡ್ಡದು. ಒಂದು ಪೌಂಡು ಸೀಸದಿಂದ ಎಷ್ಟು ಗುಂಡುಗಳನ್ನು ಎರೆಯಬಹುದೋ ಅದೇ ಕೋವಿಯ ಅಂಕಿ. ಹನ್ನೆರಡರ ಕೋವಿಯೆಂದರೆ ಪೌಂಡಿಗೆ ಹನ್ನೆರಡು ಗುಂಡು, ನಾಲ್ಕರ ಕೋವಿಯೆಂದರೆ ಒಂದೊಂದು ಗುಂಡೂ ಕಾಲು ಪೌಂಡು. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿ ಹೆಸರಾದ ಸ್ಯಾಂಡರ್ಸನ್ ಸಾಹೇಬನು 1878ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆನೆಗೆ ಇಂತಹ ಭಾರಿ ಕೋವಿಗಳನ್ನೇ ಮೆಚ್ಚಿ ಬರೆದಿದ್ದಾನೆ. ಅವನ್ನು ಹೊತ್ತು ನಡೆಯುವುದಕ್ಕೆ ಆಳುಗಳಿದ್ದರೆಂಬುದನ್ನು ಮರೆಯಲಾಗದು. ಸಾಹೇಬನ ಹಿಂದೆ ಕೋವಿಯನ್ನು ಹೊತ್ತು ನಿಂತವನ ಧೈರ್ಯವನ್ನು ಹೊಗಳಿ ಬರೆದ ಪುಸ್ತಕವನ್ನು ಮಾತ್ರ ನಾವು ಇನ್ನೂ ಕಂಡಿಲ್ಲ.

ಆಳಿಲ್ಲದವನ ಗತಿಯೇನು? ಕೋವಿಯನ್ನು ಹಗುರಗೊಳಿಸಬೇಕು. ಅಲ್ಲಿಯೇ ತೊಡಕು. ಗುಂಡು ಮುಂದಕ್ಕೆ ಹೋಗುವಾಗ ಕೋವಿಯು ಹಿಂದಕ್ಕೆ ಒದೆಯುತ್ತದೆ. ಇದು ನ್ಯೂಟನ್ನನ ನಿಯಮವು. ಅದೇ ಗುಂಡು, ಅದೇ ಮದ್ದು ಇರುವಾಗ ಕೋವಿಯ ತೂಕವನ್ನು ಅರ್ಧಕ್ಕೆ ಇಳಿಸಿದರೆ ಒದೆತದ ಶಕ್ತಿಯು ಸರಿಯಾಗಿ ಎರಡರಷ್ಟಾಗುತ್ತದೆ. ಹೊರುವಾಗ ಉಳಿಸಿದ ಶ್ರಮವನ್ನು ಹಾರಿಸುವಾಗ ಭುಜವು ಬಡ್ಡಿಯೊಡನೆ ತೆರಬೇಕು. ಭುಜಕ್ಕೆ ನೋವಾಗುವುದು ದೊಡ್ಡ ಮಾತಲ್ಲ. ಒದೆತದಿಂದ ಕೊಳವೆಯು ಆಕಾಶವನ್ನು ನೋಡಿ, ಎರಡನೆಯ ಗುಂಡಿಗೆ ಗುರಿ ಸಿಕ್ಕದೆ ಹೋಗುವುದೇ ಅಪಾಯವು. ಹತ್ತಿರದ ಬೇಟೆಯಲ್ಲಿ ಮನುಷ್ಯನು ಬದುಕುವುದು ಬಹುಮಟ್ಟಿಗೆ ಎರಡನೆಯ ಗುಂಡಿನಿಂದ.

ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ತಾತನವರಿಗೆ ಅರಕಲಗೂಡಿನ ಕಡೆ ಕೆಲವು ಎಕರೆ ಗದ್ದೆಯೂ ಒಂದು ಹನ್ನೆರಡರ ಜೋಡಿಕೊಳವೆಯ ಕೋವಿಯೂ ಇದ್ದವು. ಕಾಡುಹಂದಿಯ ಕಾಟ. ಅವರಿಗೆ ಪೊದೆಯಲ್ಲಿ ತಿರುಗುವುದಕ್ಕೆ ಅನುಕೂಲವಾದ ಮೋಟು ಕೋವಿಯೊಂದು ಬೇಕೆಂಬ ಆಸೆ ಹುಟ್ಟಿತು. ಹಿಡಿಯು ಬಿರುಕು ಬಿಟ್ಟಿದ್ದುದರಿಂದ ಊರಿನ ಬಡಗಿಯೊಬ್ಬನಿಂದ ಬೀಟೆಯ ಮರದಲ್ಲಿ ಹೊಸ ಹಿಡಿಯನ್ನು ಮಾಡಿಸಿದರು. ಬೀಟೆಯು ನೋಟಕ್ಕೆ ಬಹು ಚೆಲುವು, ಆದರೆ ಕೋವಿಯ ಹಿಡಿಗೆ ಲೋಕವೆಲ್ಲ ಬಳಸುವ ವಾಲ್‌ನಟ್ ಮರಕ್ಕಿಂತ ಬಹಳ ಭಾರ. ಹಿಂಭಾಗವು ತೂಕವಾಯಿತು. ಅದನ್ನು ಸರಿದೂಗಿಸಲೆಂದು ಕಮ್ಮಾರನಿಂದ ಕೊಳವೆಗಳನ್ನು ಒಂದು ಗೇಣಿನಷ್ಟು ಕತ್ತರಿಸಿದರು. ಈಗ ಹಾಗೆ ಕತ್ತರಿಸುವುದಕ್ಕೆ ಆಯುಧಗಳ ಕಾಯಿದೆಯ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು. ಆಗ ಯಾರನ್ನು ಯಾರು ಕೇಳಿದರೋ ಕಾಣೆವು. ಕತ್ತರಿಸಿದ ಮೇಲೆ ಮುಂಭಾಗವು ಇನ್ನೂ ಹಗುರವಾಯಿತೇ ಹೊರತು ಸಮತೋಲವು ಕೂಡಲಿಲ್ಲ. ಕೊಳವೆಯ ತುದಿಯಲ್ಲಿದ್ದ ಗುರಿಮಣಿಯೂ ತುಂಡಿನೊಡನೆಯೇ ಹೋಯಿತು. ಬದಲಿಗೆ ಅಂಟಿಸಿದ ಹಿತ್ತಾಳೆಯ ಚೂರು ಕೂದಲೆಳೆಯಷ್ಟು ಓರೆಯಾಗಿದ್ದಿತಂತೆ.

ಕಬ್ಬಿನ ಗದ್ದೆಯಂಚಿನಲ್ಲಿ ಹದಿನೈದು ಹೆಜ್ಜೆಯ ದೂರದಿಂದ ಹಂದಿಯು ನುಗ್ಗಿದಾಗ ಮೊದಲನೆಯ ಗುಂಡು ಅದರ ಬೆನ್ನನ್ನು ಸವರಿತು. ತುದಿ ಹಗುರವಾದ ಕೋವಿಯು ಎಡಗೈಯನ್ನು ಕಿತ್ತುಕೊಂಡು ಮೇಲಕ್ಕೆ ಹಾರಿತು. ಎರಡನೆಯ ಗುಂಡನ್ನು ಹಾರಿಸುವ ಮುನ್ನ ಹಂದಿಯು ತಾತನವರ ತೊಡೆಯನ್ನು ಸೀಳಿ ಮುಂದೆ ಹೋಗಿದ್ದಿತು. ಅವರು ಉಳಿದರು, ಆದರೆ ಜೀವಮಾನವೆಲ್ಲ ಕುಂಟಿದರು. ಬಡಗಿಯನ್ನಾಗಲಿ ಕಮ್ಮಾರನನ್ನಾಗಲಿ ಅವರು ಒಂದು ದಿನವೂ ದೂರಲಿಲ್ಲ. “ಹೇಳಿದ್ದು ನಾನು, ಅವರು ಮಾಡಿದರು” ಎನ್ನುತ್ತಿದ್ದರು.

ಹಾಗಾದರೆ ಸರಿಯಾದ ಹಗುರ ಕೋವಿಯು ಇದ್ದಿತೇ ಎಂದರೆ, ಇದ್ದಿತು. ಭಾರತದ ಸೈನ್ಯದಲ್ಲಿದ್ದ ಫಾಸ್ಬೆರಿ ಎಂಬ ಅಧಿಕಾರಿಯು 1885ರಲ್ಲಿ ಒಂದು ಉಪಾಯವನ್ನು ಪೇಟೆಂಟ್ ಮಾಡಿಸಿದನು. ಕೊಳವೆಯೆಲ್ಲ ನುಣುಪು, ಕಡೆಯ ಕೆಲವು ಅಂಗುಲಗಳಲ್ಲಿ ಮಾತ್ರ ಗುಂಡನ್ನು ತಿರುಗಿಸುವ ಸುರುಳಿಗೆರೆ. ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯವರು ಇದನ್ನು ಪ್ಯಾರಡಾಕ್ಸ್ ಎಂಬ ಹೆಸರಿನಿಂದ ಮಾರಿದರು. ಹಕ್ಕಿಗೆ ಚರೆ, ಹುಲಿಗೆ ಗುಂಡು, ಎರಡಕ್ಕೂ ಒಂದೇ ಕೋವಿ. ಗುಂಡಿನ ವೇಗವು ಕಡಮೆಯಾದುದರಿಂದ ಕೋವಿಯು ಏಳೆಂಟು ಪೌಂಡಿನೊಳಗೆ ಇರಬಹುದಾಗಿದ್ದಿತು. ನೂರು ಗಜದೊಳಗೆ ಅದು ನಂಬಿಕಸ್ತವೆನಿಸಿದ್ದಿತು.

ಇನ್ನೊಂದು ನಮ್ಮ ಓದುಗರಿಗೆ ಹೆಚ್ಚು ಪರಿಚಿತವಾದದ್ದು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಎಂಬ ಮಾಲೆಯ ಮೂಲ ಲೇಖಕನಾದ ಬೆಂಗಳೂರಿನ ಕೆನೆತ್ ಆಂಡರ್ಸನ್ನನ ಕೈಯಲ್ಲಿದ್ದುದು ಪಾಯಿಂಟ್ ನಾಲ್ಕು ಸೊನ್ನೆ ಐದರ ವಿಂಚೆಸ್ಟರ್. ಜಾನ್ ಬ್ರೌನಿಂಗನು ಕಲ್ಪಿಸಿದ 1895ರ ಮಾದರಿಯದು. ಈ ತೋಟಾ ಸೇರಿದ್ದು 1904ರಲ್ಲಿ. ಅಮೆರಿಕದ ಥಿಯೊಡೋರ್ ರೂಸ್‌ವೆಲ್ಟನು 1909ರಲ್ಲಿ ಇದನ್ನೇ ಆಫ್ರಿಕಕ್ಕೆ ಒಯ್ದು ಸಿಂಹಕ್ಕೆ ಬಳಸಿದನು. ಸುಮಾರು ಎಂಟು ಪೌಂಡಿನ ತೂಕ, 19 ಗ್ರಾಮಿಗೆ ಮೇಲ್ಪಟ್ಟ ಗುಂಡು, ಕೆಳಗಿನ ಸನ್ನೆಯನ್ನು ಒಮ್ಮೆ ಆಡಿಸಿದರೆ ಮುಂದಿನ ತೋಟಾ ಸಿದ್ಧ. ಅರಸೀಕೆರೆಯ ಸಮೀಪದ ಬೆಟ್ಟಗಳಲ್ಲಿ ಜನರ ಮುಖವನ್ನು ಬಗಿಯುತ್ತಿದ್ದ ಕರಡಿಯ ಕಥೆಯನ್ನು ಆಂಡರ್ಸನ್ನನು 1957ರ ತನ್ನ ಪುಸ್ತಕದಲ್ಲಿ ಬರೆದಿರುವುದರಿಂದ ಹಾಸನ ಜಿಲ್ಲೆಗೂ ಅವನ ಮೇಲೆ ಒಂದು ಹಕ್ಕುಂಟು. ಈ ಬಂದೂಕಿನ ಒದೆತವು ಕುಖ್ಯಾತವಾದುದೇ. ಅದಕ್ಕೆ ಮುಖ್ಯ ಕಾರಣವು ಹಿಡಿಯ ಬಾಗು ಮತ್ತು ಭುಜಕ್ಕೆ ತಾಗುವ ಗಟ್ಟಿ ಉಕ್ಕಿನ ತಗಡು, ತೂಕವೊಂದೇ ಅಲ್ಲ. ಹಿಡಿಯು ನೇರವಾಗಿದ್ದರೆ ಒದೆತವು ಭುಜಕ್ಕೆ ನೇರವಾಗಿ ಬರುತ್ತದೆ. ಬಾಗಿದ್ದರೆ ಕೊಳವೆಯನ್ನು ಮೇಲಕ್ಕೆತ್ತಿ ಕೆನ್ನೆಗೆ ಬಡಿಯುತ್ತದೆ. ಆದಕಾರಣ ಬಲ್ಲ ಕೋವಿಗಾರನು ಗಿರಾಕಿಯ ತೋಳು, ಕತ್ತು, ಎದೆಗಳನ್ನು ದರ್ಜಿಯು ಅಳೆಯುವಂತೆ ಅಳೆದು ಹಿಡಿಯನ್ನು ಕೆತ್ತುತ್ತಿದ್ದನು. ತೂಕವನ್ನು ಎಲ್ಲಿಂದ ತೆಗೆಯಬೇಕೆಂಬುದು ಆಮೇಲಿನ ಪ್ರಶ್ನೆ. ನಮ್ಮ ತಾತನವರು ಅದನ್ನು ಮೊದಲ ಪ್ರಶ್ನೆಯಾಗಿ ಮಾಡಿಕೊಂಡರು.

ಇಂತಹ ಕೋವಿಯೂ ಆನೆಗೆ ಸಾಲದು. ಈ ಜಿಲ್ಲೆಯಲ್ಲಿ ಈಗ ಮನುಷ್ಯನಿಗೆ ಹತ್ತಿರ ಬರುವ ದೊಡ್ಡ ಮೃಗವೆಂದರೆ ಆನೆಯೇ. ಆಲೂರು, ಸಕಲೇಶಪುರ, ಬೇಲೂರು, ಅರಕಲಗೂಡುಗಳ ತೋಟದ ಕೂಲಿಯವರು ಬೆಳಗಿನ ಮಂಜಿನಲ್ಲಿ ಅದನ್ನು ಎದುರುಗೊಳ್ಳುವುದು ತೋಳಿನಳತೆಗೆ ಸಮೀಪವಾಗಿಯೇ. ಇಂದಿನ ಸಲಕರಣೆಯು ಕೊಲ್ಲುವ ಕೋವಿಯಲ್ಲ, ಅರಿವಳಿಕೆಯ ಕೋವಿ. ಅದು ಬಹು ಹಗುರ, ಒದೆತವು ಇಲ್ಲವೆನ್ನುವಷ್ಟು. ಒತ್ತಿದ ಅನಿಲವು ಸೂಜಿಯುಳ್ಳ ಪಿಚಕಾರಿಯೊಂದನ್ನು ನಿಧಾನವಾದ ವೇಗದಿಂದ ಕಳುಹಿಸುತ್ತದೆ. ಹತ್ತಾರು ಗಜಗಳ ಸಮೀಪಕ್ಕೆ ಹೋಗದೆ ಗುರಿ ಸಿಕ್ಕದು. ಹಗುರ ಕೋವಿಯನ್ನು ಕನಸಿದವರ ಆಸೆಯೆಲ್ಲ ಇಲ್ಲಿ ಈಡೇರಿದೆ. ಆದರೆ ಮದ್ದು ರಕ್ತಕ್ಕಿಳಿದು ಆನೆಯು ಮಂಕಾಗುವುದಕ್ಕೆ ಹಲವು ನಿಮಿಷಗಳು ಬೇಕು. ಅಷ್ಟು ಹೊತ್ತೂ ಆನೆಯು ಆನೆಯಾಗಿಯೇ ಇರುತ್ತದೆ, ಹಾರಿಸಿದವನು ಅದೇ ಅಂತರದಲ್ಲಿ ನಿಂತಿರುತ್ತಾನೆ. ಅವನ ಎರಡನೆಯ ಗುಂಡು ಯಾವ ಉಪಯೋಗಕ್ಕೂ ಬಾರದು.

2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಕಾಡಾನೆಯೊಂದಕ್ಕೆ ಚಿಕಿತ್ಸೆ ಮಾಡಿಸಲೆಂದು ಅರಿವಳಿಕೆಯ ಕೋವಿ ಹಿಡಿದು ಹೋದ, ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ಅನುಭವಿಯು ಆ ಆನೆಯ ದಾಳಿಗೆ ಸಿಕ್ಕಿ ಮೃತಪಟ್ಟರು. ಅದೇ ವರ್ಷದ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ, ಮೈಸೂರಿನ ದಸರೆಯಲ್ಲಿ ಎಂಟು ಬಾರಿ ಅಂಬಾರಿಯನ್ನು ಹೊತ್ತಿದ್ದ ಅರ್ಜುನನು ಕಾಡಾನೆಯೊಡನೆ ಹೋರಾಡಿ ಮಡಿದನು. ಅರಿವಳಿಕೆಯ ಕೋವಿಗೆ ಇಲ್ಲದ ಎರಡನೆಯ ಗುಂಡಿನ ಸ್ಥಾನದಲ್ಲಿ ಈಗ ನಿಲ್ಲುತ್ತಿರುವುದು ಈ ಪಳಗಿದ ಆನೆಗಳು.

ತಾತನವರ ಕೋವಿಯನ್ನು ಅವರ ಕಾಲಾನಂತರ ಠಾಣೆಗೆ ಒಪ್ಪಿಸಲಾಯಿತು. ಒಪ್ಪಿಸುವ ಹಿಂದಿನ ದಿನ ನಮ್ಮ ತಂದೆಯವರು ಅದನ್ನು ಅಡಕೆ ತೂಗುವ ತಕ್ಕಡಿಯಲ್ಲಿಟ್ಟು ತೂಗಿದರಂತೆ. ಅಷ್ಟೆಲ್ಲ ಕತ್ತರಿಸಿದ ಮೇಲೆಯೂ, ಬೀಟೆಯ ಹಿಡಿಯ ದೆಸೆಯಿಂದ, ಅದರ ತೂಕವು ಮೊದಲಿದ್ದಷ್ಟೇ ಇದ್ದಿತು.