ಹುಣಸೆಯ ನೆರಳಿನ ಕೊರಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಇಂದಿಗೂ ಉಳಿದುಬಂದಿರುವ ಕೊರಲೆ, ಅಂದರೆ ಸಾಮೆ, ನವಣೆಗಳ ಬಳಗಕ್ಕೆ ಸೇರಿದ ಸಣ್ಣ ಸಿರಿಧಾನ್ಯ, ನೆಲಕ್ಕೆ ಒಪ್ಪುವ ಊಟ ಎಂಥದೆಂಬುದಕ್ಕೆ ತಕ್ಕ ನಿದರ್ಶನವಾಗಿದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಇದರ ಸುಟ್ಟು ಕರಿಯಾದ ಕಾಳುಗಳು ದೊರೆತಿರುವುದರಿಂದ, ದಕ್ಷಿಣದ ಒಣನಾಡಿನ ಊಟದಲ್ಲಿ ಅದಕ್ಕೆ ಸುಮಾರು 4,000 ವರ್ಷಗಳ ಹಿಂದೆಯೇ ಸ್ಥಾನವಿತ್ತೆಂದು ತಿಳಿಯುತ್ತದೆ. ಸುಮಾರು 80 ದಿನಗಳಲ್ಲಿ ಕೊಯ್ಲಿಗೆ ಬರುವ ಈ ಬೆಳೆ, ಬೇರೆ ಪೈರು ಸರಿಯಾಗಿ ಏಳದ ಹುಣಸೆ ಮರದ ನೆರಳಿನಲ್ಲಿಯೂ ಬೆಳೆಯುವುದರಿಂದ, ಒಂದೇ ತುಂಡು ನೆಲವು ಕೊಂಬೆಯಿಂದ ಹುಳಿಯನ್ನೂ ಬುಡದಿಂದ ಅನ್ನವನ್ನೂ ಕೊಡುತ್ತದೆ.

ಆದರೆ ಕೊರಲೆಯ ಕಾಳಿಗಂಟಿದ ಗಟ್ಟಿ ಹೊಟ್ಟನ್ನು ಬಿಡಿಸಲು ಬೀಸುವ ಕಲ್ಲು, ಒರಳು, ಮೊರಗಳ ಮುಂದೆ ಹೆಂಗಸರು ಗಂಟೆಗಟ್ಟಲೆ ದುಡಿಯಬೇಕಾಗಿತ್ತು; ಪಡಿತರದ ಅಕ್ಕಿ ಸುಲಭವಾಗಿ ಮನೆಗೆ ಬಂದಾಗ, ಕಡಲೆಕಾಯಿ ಹೊಲಗಳನ್ನು ಆವರಿಸಿದಾಗ, ಕೊರಲೆ ಅಡುಗೆಮನೆಯಿಂದ ಹಿಂದೆ ಸರಿದದ್ದು ಸಹಜವೇ ಆಗಿತ್ತು. ಹಳೆಯ ಊಟವನ್ನು ಕೊಂಡಾಡುವವರು ಆ ದಣಿವನ್ನು ಮರೆಯುವುದು ನ್ಯಾಯವಲ್ಲ. ಊರಿನ ಸಮೀಪದಲ್ಲಿಯೇ ಹೊಟ್ಟು ತೆಗೆಯುವ ಸಣ್ಣ ಗಿರಣಿ ಇದ್ದರೆ ಮಾತ್ರ ಈ ಧಾನ್ಯ ನಗರದ ಅಂಗಡಿಯ ದುಬಾರಿ ಪೊಟ್ಟಣವಾಗದೆ, ಬೆಳೆದವರ ತಟ್ಟೆಗೇ ಮರಳುತ್ತದೆ. ಅಂತರ್ಜಲದಲ್ಲಿ ಫ್ಲೋರೈಡ್, ಅಂದರೆ ಹೆಚ್ಚಾದರೆ ಹಲ್ಲು ಮೂಳೆಗಳನ್ನು ಕೆಡಿಸುವ ಲವಣಾಂಶ, ಅಧಿಕವಾಗಿರುವ ಪಾವಗಡದಂಥ ತಾಲ್ಲೂಕಿನಲ್ಲಿ, ಕೊಳವೆಬಾವಿಯನ್ನು ಕೇಳದೆ ಮಳೆಯಲ್ಲೇ ಮಾಗುವ ಈ ಅನ್ನಕ್ಕೂ ಜೊತೆಗಿನ ಹುರುಳಿಸಾರಿಗೂ ಬೇಕಾದ ಕಾಳು ಅದೇ ಹೊಲದಲ್ಲಿ ಸಿಗುತ್ತದೆ.