ಸೈಕಲ್ ಸವಾರನ ಸಾವು ಮತ್ತು ನಾವು

(ಸನವಳ್ಳಿಯಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಪರೀಕ್ಷೆ, ಅಂಕ, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಮಾತಾಡುತ್ತೇವೆ. ಅವೆಲ್ಲ ಬೇಕಾದ ಮಾತುಗಳೇ. ಆದರೆ ಪರೀಕ್ಷೆ ಬರೆಯಬೇಕಾದ ಮಗು ಮೊದಲು ಶಾಲೆ ಮುಟ್ಟಬೇಕು, ಸಂಜೆ ಮನೆ ಮುಟ್ಟಬೇಕು. ಹೊರಗೆ ಗೋಡೆಗೆ ಒರಗಿಸಿಟ್ಟ ಸೈಕಲ್‌ಗಳನ್ನು ನೋಡಿ ಇವತ್ತು ಈ ವಿಷಯವನ್ನೇ ಎತ್ತಿಕೊಂಡಿದ್ದೇನೆ.

ಅವತಾರ್ ಸೈನಿ ಎಂಬ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಕಂಪ್ಯೂಟರ್ ಮುಟ್ಟಿದವರೆಲ್ಲ ಪೆಂಟಿಯಂ ಎಂಬ ಹೆಸರನ್ನು ಮಾತ್ರ ಕೇಳಿರುತ್ತೀರಿ. 1993ರಲ್ಲಿ ಹೊರಬಂದ ಆ ಚಿಪ್ಪಿನ ವಿನ್ಯಾಸದಲ್ಲಿ ಮುಂಚೂಣಿಯಲ್ಲಿದ್ದವರಲ್ಲಿ ಈ ಸೈನಿ ಒಬ್ಬರು. ಮುಂಬಯಿಯಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ, 1982ರಲ್ಲಿ ಇಂಟೆಲ್ ಕಂಪನಿ ಸೇರಿದವರು. ಮುಂದೆ ಭಾರತಕ್ಕೆ ಮರಳಿ ಆ ಕಂಪನಿಯ ಇಲ್ಲಿನ ಮುಖ್ಯಸ್ಥರಾದರು. ಬೆಂಗಳೂರಿನಲ್ಲಿ ಇಂಟೆಲ್‌ನ ಸಂಶೋಧನಾ ಕೇಂದ್ರ ಬೆಳೆಯಲು ಕಾರಣರಾದವರಲ್ಲಿ ಅವರೂ ಒಬ್ಬರು. ಇಂದು ಕರ್ನಾಟಕದ ಎಷ್ಟೋ ಇಂಜಿನಿಯರುಗಳು ಉಣ್ಣುವ ಅನ್ನದಲ್ಲಿ ಅವರ ದುಡಿಮೆಯ ಪಾಲಿದೆ ಎಂದರೆ ಅತಿಶಯೋಕ್ತಿಯಲ್ಲ.

ಇಂಥ ಮನುಷ್ಯ ನಿವೃತ್ತಿಯ ವಯಸ್ಸಿನಲ್ಲಿ ಸೈಕಲ್ ತುಳಿಯುವ ಗೆಳೆಯರ ಬಳಗದಲ್ಲಿದ್ದರು. 2024ರ ಫೆಬ್ರುವರಿ 28ರ ನಸುಕಿನಲ್ಲಿ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಗೆಳೆಯರೊಂದಿಗೆ ಹೋಗುತ್ತಿದ್ದಾಗ ಬಾಡಿಗೆ ಕಾರೊಂದು ಹಿಂದಿನಿಂದ ಬಂದು ಗುದ್ದಿತು. ಸೈಕಲ್ ಕಾರಿನ ಅಡಿಗೆ ಸಿಕ್ಕಿಕೊಂಡಿತು. ಜೊತೆಯಲ್ಲಿದ್ದ ಸವಾರರೇ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಲಿಲ್ಲ. ಅವರಿಗೆ ಆಗ 68 ವರ್ಷ.

ಆ ದಿನ ಬೆಂಗಳೂರಿನ ಕಂಪನಿಗಳವರು ಅತ್ತರು, ಮುಂಬಯಿಯ ಸೈಕಲ್ ಬಳಗಗಳು ಅತ್ತವು. ಪತ್ರಿಕೆಗಳು ಪುಟಗಟ್ಟಲೆ ಬರೆದವು. ಬರೆಯಬೇಕಾದದ್ದೇ. ಆದರೆ ನೀವು ಒಂದು ಗಳಿಗೆ ಯೋಚಿಸಿರಿ. ನಮ್ಮ ಕಡೆ ಸೈಕಲ್ ತುಳಿಯುವವರು ಯಾರು? ಕ್ಯಾನ್ ಕಟ್ಟಿಕೊಂಡು ಹಾಲು ಹಾಕುವವನು, ಕೂಲಿಗೆ ಹೊರಟವನು, ರೊಟ್ಟಿ ಬುತ್ತಿ ನೇತುಹಾಕಿಕೊಂಡ ಗಾರೆ ಕೆಲಸದವನು, ಹೈಸ್ಕೂಲಿಗೆ ಹೊರಟ ಹುಡುಗಿ. ಇವರಲ್ಲೊಬ್ಬರು ಸತ್ತರೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು: ‘ಅಪರಿಚಿತ ವಾಹನ ಡಿಕ್ಕಿ, ಸೈಕಲ್ ಸವಾರ ಸಾವು.’ ಕೆಲವು ಸಲ ಆ ನಾಲ್ಕು ಸಾಲಿನಲ್ಲಿ ಹೆಸರೂ ಇರುವುದಿಲ್ಲ. ಮೂರು ದಿನ ಮನೆಯವರ ಗೋಳು, ಆಮೇಲೆ ‘ಹಣೆಬರಹ’ ಎಂಬ ಒಂದು ಮಾತು.

ಈ ಹಣೆಬರಹ ಎಂಬ ಮಾತಿಗೆ ನನ್ನ ತಕರಾರಿದೆ. ಸಾವು ಬರುವುದು ದೇವರ ಇಚ್ಛೆ, ಅದನ್ನು ನಂಬುವವನೇ ನಾನು. ಆದರೆ ಬ್ರೇಕ್ ಇಲ್ಲದ ಲಾರಿ, ಹಿಂದೀಪ ಇಲ್ಲದ ಟ್ರೇಲರ್, ಕುಡಿದ ಚಾಲಕ ಇವೆಲ್ಲ ಮನುಷ್ಯರ ಕೆಲಸ. ಮನುಷ್ಯರ ಕೆಲಸದ ಲೆಕ್ಕವನ್ನು ಮನುಷ್ಯರೇ ಕೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11 ಲಕ್ಷ 90 ಸಾವಿರ ಜನ ರಸ್ತೆಯಲ್ಲಿ ಸಾಯುತ್ತಾರೆ. ಅವರಲ್ಲಿ ನೂರಕ್ಕೆ ಸುಮಾರು ಆರು ಜನ ಸೈಕಲ್ ಸವಾರರು. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಮುಂಡಗೋಡದಂಥ ತಾಲೂಕಿನ ಇಡೀ ಜನಸಂಖ್ಯೆ ಒಂದೇ ವರ್ಷದಲ್ಲಿ ಇಲ್ಲವಾದರೂ ಆ ಲೆಕ್ಕ ತುಂಬುವುದಿಲ್ಲ!

ಇಷ್ಟು ದೊಡ್ಡ ಸಂಖ್ಯೆಯ ಮುಂದೆ ನಾಲ್ಕು ಜನ ಗೆಳೆಯರ ಅಳು ಏನು ಮಾಡೀತು ಎಂದು ನೀವು ಕೇಳಬಹುದು. ಅದಕ್ಕೆ ಅಮೆರಿಕದ ಡಲ್ಲಾಸ್ ಪಟ್ಟಣದ ಒಂದು ಸಂಗತಿ ಹೇಳುತ್ತೇನೆ. 2003ರ ಮೇ ತಿಂಗಳಲ್ಲಿ ಲ್ಯಾರಿ ಶ್ವಾರ್ಟ್ಸ್ ಎಂಬ ಸೈಕಲ್ ಸವಾರ, ಪಕ್ಕದಲ್ಲಿ ಹಾದುಹೋದ ಶಾಲಾ ಬಸ್ಸಿನ ಕನ್ನಡಿ ಬಡಿದು ತೀರಿಕೊಂಡರು. ಗಮನಿಸಿರಿ, ಬಸ್ಸು ಗುದ್ದಲಿಲ್ಲ, ಬಸ್ಸಿನ ಕನ್ನಡಿ ಬಡಿಯಿತು. ಅವರ ಗೆಳೆಯ ಕ್ರಿಸ್ ಫೆಲನ್ ಸಂಘ ಕಟ್ಟಲಿಲ್ಲ, ಚಂದಾ ಎತ್ತಲಿಲ್ಲ. ಬನ್ನಿ, ಎಲ್ಲರೂ ಒಂದು ಸಂಜೆ ಮಾತಾಡದೆ, ನಿಧಾನವಾಗಿ ಸೈಕಲ್ ತುಳಿಯೋಣ ಎಂದು ಕರೆದರು, ಅಷ್ಟೆ. ಆ ತಿಂಗಳ 21ರಂದು ಸುಮಾರು ಸಾವಿರ ಜನ ಬಂದರು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಮುಂದೆ ಅದು ಹಲವು ದೇಶಗಳಿಗೆ ಹಬ್ಬಿ, ಪ್ರತಿ ಮೇ ತಿಂಗಳ ಮೂರನೇ ಬುಧವಾರ ನಡೆಯುವ ರೂಢಿಯಾಯಿತು. ಗೆಳೆಯನನ್ನು ಕಳೆದುಕೊಂಡವರು ತೋಳಿಗೆ ಕಪ್ಪು ಪಟ್ಟಿ, ತಾವೇ ಪೆಟ್ಟು ತಿಂದು ಬದುಕಿದವರು ಕೆಂಪು ಪಟ್ಟಿ ಕಟ್ಟಿಕೊಳ್ಳುತ್ತಾರೆ.

ಅದೇ 2003ರಲ್ಲಿ ಅಮೆರಿಕದ ಸೇಂಟ್ ಲೂಯಿ ಪಟ್ಟಣದಲ್ಲಿ ಇನ್ನೊಂದು ಪದ್ಧತಿ ಶುರುವಾಯಿತು. ಸವಾರನಿಗೆ ಗಾಡಿ ಗುದ್ದಿದ ಜಾಗದಲ್ಲಿ ಹಳೆಯದೊಂದು ಸೈಕಲ್ಲಿಗೆ ಪೂರ್ತಿ ಬಿಳಿ ಬಣ್ಣ ಬಳಿದು ನಿಲ್ಲಿಸುವುದು. ದಾರಿಹೋಕರಿಗೆ ಯಾರೂ ಏನೂ ವಿವರಿಸಬೇಕಾಗಿಲ್ಲ. ಚಕ್ರ ತಿರುಗದ ಆ ಬಿಳಿ ಸೈಕಲ್ ಕಂಡರೆ ಆಕ್ಸಿಲರೇಟರ್ ಮೇಲಿನ ಕಾಲು ತಾನಾಗಿಯೇ ಸಡಿಲವಾಗುತ್ತದೆ. ನಮ್ಮಲ್ಲಿ ಮಯ್ಯತ್ ಹೊರಟಾಗ ಅಂಗಡಿಯವನು ಎದ್ದು ನಿಲ್ಲುತ್ತಾನೆ, ಬೈಕಿನವನು ಬದಿಗೆ ಸರಿಯುತ್ತಾನೆ, ಯಾರ ಮನೆಯದು ಎಂದು ಮೆಲ್ಲಗೆ ಕೇಳುತ್ತಾನೆ. ಅದೂ ಇಂಥದೇ ಗೌರವ. ವ್ಯತ್ಯಾಸವೆಂದರೆ ನಾವು ಮಣ್ಣು ಕೊಟ್ಟು ಬಂದ ಮೇಲೆ ಆ ರಸ್ತೆಯ ಕಡೆ ತಿರುಗಿ ನೋಡುವುದಿಲ್ಲ.

ಇನ್ನು ನಮ್ಮ ರಸ್ತೆಗೆ ಬರುತ್ತೇನೆ. ನಮ್ಮ ತಾಲೂಕಿನ ರಸ್ತೆಗಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಹುಬ್ಬಳ್ಳಿಯಿಂದ ತಡಸ, ಮುಂಡಗೋಡ ಹಾದು ಶಿರಸಿಗೆ ಹೋಗುವ ದಾರಿಯಲ್ಲಿ ಹಗಲು ಬಸ್ಸು, ಕಾರುಗಳ ಓಡಾಟ, ರಾತ್ರಿ ಲಾರಿಗಳದ್ದು. ಹಳ್ಳಿಯ ದಾರಿಗಳು ಕಿರಿದು, ಡಾಂಬರಿನ ಅಂಚು ಕಿತ್ತುಹೋಗಿ ಒಂದು ಗೇಣು ಕೆಳಗೆ ಇಳಿದಿರುತ್ತದೆ. ಹಿಂದೆ ಹಾರ್ನ್ ಕೇಳಿದಾಗ ಸೈಕಲ್ಲಿನ ಮಗು ಬದಿಗೆ ಇಳಿಯಬೇಕೆಂದರೆ ಬೀಳಲೇಬೇಕು. ಮಳೆಗಾಲದಲ್ಲಿ ಗುಂಡಿಯ ಆಳ ತಿಳಿಯುವುದಿಲ್ಲ. ಕಬ್ಬಿನ ಹಂಗಾಮು ಬಂದರೆ ಹಳಿಯಾಳದ ಕಡೆ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುತ್ತವೆ. ಮುಂದಿನ ಟ್ರೇಲರ್ ದಾಟಿತೆಂದು ಸೈಕಲ್ಲಿನವನು ನಿಟ್ಟುಸಿರು ಬಿಡುವಷ್ಟರಲ್ಲಿ ಹಿಂದಿನದು ಓಲಾಡುತ್ತಾ ಬರುತ್ತದೆ.

ಸೈಕಲ್ಲಿನ ಬಗ್ಗೆ ಸರಕಾರ ಏನೂ ಮಾಡಿಲ್ಲವೆಂದು ಹೇಳಲಾರೆ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳಿಗೆ ಉಚಿತ ಸೈಕಲ್ ಸಿಕ್ಕವು. ಕೊರೊನಾ ಬಂದ 2020ರಲ್ಲಿ ವಿತರಣೆ ನಿಂತಿತು. ಆ ಸೈಕಲ್ಲುಗಳಿಂದ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದರು, ಅದು ನಮ್ಮ ಕಣ್ಣ ಮುಂದಿನ ಸತ್ಯ. ಅದಕ್ಕಾಗಿಯೇ, ರಸ್ತೆ ಅಪಾಯವೆಂದು ಮಗಳ ಸೈಕಲ್ ಬಿಡಿಸಿ ಮನೆಯಲ್ಲಿ ಕೂರಿಸುವ ಪಾಲಕರ ಮಾತನ್ನು ನಾನು ಒಪ್ಪುವುದಿಲ್ಲ. ಸೈಕಲ್ ತಪ್ಪಿದರೆ ಶಾಲೆಯೂ ತಪ್ಪುತ್ತದೆ. ಸೈಕಲ್ ಕೊಟ್ಟವರು ಅದು ಓಡಾಡಲು ಒಂದು ಮಾರು ಜಾಗವನ್ನೂ ಕೊಡಬೇಕಾಗಿತ್ತು ಎಂಬುದು ನನ್ನ ಮಾತು.

ವಿದ್ಯಾರ್ಥಿಗಳೇ, ಈಗ ಒಂದು ಸಣ್ಣ ಗಣಿತ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ಚಾಲಕ ನಿಮ್ಮನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಗಾಡಿ ನಿಲ್ಲಲು ಶುರುಮಾಡುವುದೇ ಅಲ್ಲಿಂದ. ಇನ್ನೊಂದು ಮಾತು, ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಚಲನ ಶಕ್ತಿಯ ಸೂತ್ರ ಓದಿದ್ದೀರಲ್ಲ, ಅದು ಪರೀಕ್ಷೆಗೆ ಮಾತ್ರ ಅಲ್ಲ.

ಹಾಗಾದರೆ ಆ ಚಾಲಕನಿಗೆ ನೀವು ದೂರದಿಂದಲೇ ಕಾಣಬೇಕು. ಮಡ್‌ಗಾರ್ಡಿನ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್, ಪೆಡಲ್ಲಿಗೆ, ಚಕ್ರದ ಕಡ್ಡಿಗಳಿಗೆ ರೇಡಿಯಂ ಪಟ್ಟಿ. ಪೆಡಲ್ಲಿನದು ಮೇಲೆ ಕೆಳಗೆ ಆಡುವುದರಿಂದ ಅದು ಸೈಕಲ್ಲೇ ಎಂದು ದೂರದಿಂದ ಗೊತ್ತಾಗುತ್ತದೆ. ಒಂದು ಚಹಾ-ಭಜಿ ಖರ್ಚಿನಲ್ಲಿ ಆಗುವ ಕೆಲಸ. ಬ್ರೇಕ್ ರಬ್ಬರು ಸವೆದಿದ್ದರೆ ಬದಲಿಸಿರಿ. ಸೈಕಲ್ ರಸ್ತೆಯ ಎಡಕ್ಕೇ ಇರಲಿ. ನಡೆದು ಹೋಗುವವನು ಮಾತ್ರ ಬಲಕ್ಕೆ, ಎದುರು ಬರುವ ಗಾಡಿಗೆ ಮುಖ ಮಾಡಿ ನಡೆಯಬೇಕು. ಕ್ಯಾರಿಯರ್ ಮೇಲೆ ಒಬ್ಬ, ಮುಂದಿನ ದಂಡದ ಮೇಲೆ ಇನ್ನೊಬ್ಬ, ಈ ಸರ್ಕಸ್ಸು ಬೇಡ. ಕಪ್ಪು ಬುರ್ಖಾ, ಕಪ್ಪು ಜಾಕೆಟ್ ತೊಟ್ಟು ಮುಸ್ಸಂಜೆಯಲ್ಲಿ ಬರುವವರು ಚೀಲದ ಹಿಂದೆ ಒಂದು ಬಿಳಿ ರೇಡಿಯಂ ಪಟ್ಟಿ ಅಂಟಿಸಿಕೊಳ್ಳಿರಿ. ಆದರೆ ಇಷ್ಟೆಲ್ಲ ಮಾಡಿದವನಿಗೂ ಗಾಡಿ ಗುದ್ದಬಹುದು ಎಂಬುದನ್ನು ಮರೆಯಬೇಡಿ. ಹಿಂದಿನಿಂದ ಬಂದವನ ತಪ್ಪನ್ನು ಮುಂದೆ ಹೋಗುತ್ತಿದ್ದವನ ತಲೆಗೆ ಕಟ್ಟುವುದು ನಮ್ಮ ಊರುಗಳಲ್ಲಿ ಒಂದು ಕೆಟ್ಟ ಚಾಳಿ.

ಗುದ್ದಿದ ಮೇಲೆ ಏನು? ಹಿರಿಯರು ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು.

ಬಿದ್ದವನನ್ನು ಎತ್ತಿದರೆ ಪೊಲೀಸ್ ಸ್ಟೇಷನ್, ಕೋರ್ಟು ಅಲೆಯಬೇಕಾಗುತ್ತದೆ ಎಂಬ ಹೆದರಿಕೆಯಲ್ಲಿ ಜನ ಸುತ್ತ ನಿಂತು ನೋಡುತ್ತಾರೆ. ಈ ಹೆದರಿಕೆಗೆ ಈಗ ಆಧಾರವಿಲ್ಲ. ನೆರವಿಗೆ ಬಂದವನ ರಕ್ಷಣೆಗೆ ಸುಪ್ರೀಂ ಕೋರ್ಟು 2016ರಲ್ಲಿ ಆದೇಶ ಕೊಟ್ಟಿತು. ಕರ್ನಾಟಕವೂ ತನ್ನದೇ ಕಾಯಿದೆ ಮಾಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯಲ್ಲಿಯೂ 134ಎ ಎಂಬ ಕಲಂ ಸೇರಿದೆ. ನೀವು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ಹೆಸರು ಹೇಳದೆಯೂ ಹೊರಡಬಹುದು, ಯಾರೂ ಹಿಡಿದು ನಿಲ್ಲಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಯೋಜನೆಯ ಪ್ರಕಾರ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ಹಣ ಕಟ್ಟದೆ ಚಿಕಿತ್ಸೆ ದೊರೆಯಬೇಕು. ಮುಂಗಡ ಕಟ್ಟಿರಿ ಎಂದು ಕೌಂಟರಿನಲ್ಲಿ ಕೇಳಿದರೆ ಈ ಯೋಜನೆಯ ಮಾತು ಎತ್ತಿರಿ.

ಎರಡನೆಯದು, ದೂರು. ‘ಹೋದವನಂತೂ ಬರುವುದಿಲ್ಲ, ಕೇಸು ಯಾಕೆ’ ಎಂದು ಹಿರಿಯರು ಕೂತು ಹತ್ತಿಪ್ಪತ್ತು ಸಾವಿರಕ್ಕೆ ರಾಜಿ ಮಾಡಿಸುವುದು ಹಲವು ಊರುಗಳ ರೂಢಿ. ಇದು ದಯೆಯಂತೆ ಕಂಡರೂ ವಿಧವೆಗೆ ಮಾಡುವ ಅನ್ಯಾಯ. ಎಫ್‌ಐಆರ್ ಇಲ್ಲದೆ ವಿಮೆಯ ಪರಿಹಾರ ಕೈಗೆ ಬರುವುದು ಕಷ್ಟ. ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ. ಸತ್ತವನ ವಯಸ್ಸು, ಗಳಿಕೆ, ಅವನನ್ನು ನಂಬಿದ್ದವರು ಎಷ್ಟು ಜನ ಎಂದು ನೋಡಿ ಅಲ್ಲಿ ಪರಿಹಾರ ಕಟ್ಟುತ್ತಾರೆ. ಕೂಲಿಯವನ ಗಳಿಕೆಗೂ ಅಲ್ಲಿ ಲೆಕ್ಕವುಂಟು.

ಗುದ್ದಿದ ಗಾಡಿ ಯಾವುದೆಂದು ಗೊತ್ತಾಗದೇ ಹೋದರೆ? ನಮ್ಮ ಕಡೆ ಬಹಳ ಮಂದಿ ಕೈಚೆಲ್ಲುವುದು ಇಲ್ಲಿಯೇ. ಅದಕ್ಕೂ ಯೋಜನೆಯಿದೆ. 2022ರ ಏಪ್ರಿಲ್ 1ರಿಂದ ಇಂಥ ಪ್ರಕರಣದಲ್ಲಿ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ. ಅದಕ್ಕೂ ಮೊದಲು ಸಾವಿಗೆ ಇದ್ದದ್ದು ಬರೀ ಇಪ್ಪತ್ತೈದು ಸಾವಿರ. ಅರ್ಜಿ ಹಾಕಬೇಕಾದದ್ದು ಅಪಘಾತ ನಡೆದ ಪ್ರದೇಶದ ಕಂದಾಯ ಅಧಿಕಾರಿಗೆ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ. ಗಾಡಿಯ ಪತ್ತೆ ಒಂದು ತಿಂಗಳಲ್ಲಿ ಆಗದಿದ್ದರೆ ಈ ಯೋಜನೆಯ ವಿಷಯವನ್ನು ಪೊಲೀಸರೇ ಮನೆಯವರಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಹೇಳಿದೆ. ತಿಳಿಸದಿದ್ದರೆ ನೀವೇ ಹೋಗಿ ಕೇಳಿರಿ. ಅರ್ಜಿ ತುಂಬಲು ಬಾರದ ಮನೆಗೆ ನಮ್ಮ ಡಿಗ್ರಿ ಓದಿದ ಹುಡುಗರು ಹೋಗಬೇಕು. ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಬೇಡವೇ?

ಶಿಕ್ಷೆಯ ಮಾತು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಸೈನಿಯವರು ತೀರಿಕೊಂಡಾಗ ಇದ್ದದ್ದು ಹಳೆಯ ದಂಡ ಸಂಹಿತೆ. ನಿರ್ಲಕ್ಷ್ಯದಿಂದ ಆದ ಸಾವಿಗೆ ಹೆಚ್ಚೆಂದರೆ ಎರಡು ವರ್ಷ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅದು ಐದು ವರ್ಷದವರೆಗೆ ಏರಿದೆ. ಗುದ್ದಿ ಓಡಿಹೋದವನಿಗೆ ಹತ್ತು ವರ್ಷ ಎಂಬ ಭಾಗವನ್ನು ಮಾತ್ರ, ಲಾರಿ ಚಾಲಕರ ಮುಷ್ಕರದ ನಂತರ, ಜಾರಿಗೆ ತರದೆ ತಡೆಹಿಡಿದರು. ನಮ್ಮ ಸಮಾಜದಲ್ಲಿ ಲಾರಿ, ಟೆಂಪೋ ಓಡಿಸಿ ಹೊಟ್ಟೆ ಹೊರೆಯುವ ಮನೆಗಳು ಬಹಳ. ಗುದ್ದಿದವನೂ ನಮ್ಮ ಪೈಕಿಯವನೇ ಆಗಿರಬಹುದು. ಜನ ಹೊಡೆಯುತ್ತಾರೆಂಬ ಭಯಕ್ಕೇ ಎಷ್ಟೋ ಚಾಲಕರು ಓಡುತ್ತಾರೆ ಎಂಬುದೂ ಸುಳ್ಳಲ್ಲ. ಆದ್ದರಿಂದ ಇಲ್ಲಿರುವ ಚಾಲಕ ಅಣ್ಣಂದಿರಿಗೆ ನನ್ನ ವಿನಂತಿ ಇಷ್ಟೆ: ಅಲ್ಲಿ ನಿಲ್ಲಲು ಭಯವಾದರೆ ಸೀದಾ ಹತ್ತಿರದ ಸ್ಟೇಷನ್ನಿಗೆ ಹೋಗಿ ಹಾಜರಾಗಿರಿ, ಹೋಗುತ್ತಲೇ 108ಕ್ಕೆ ಫೋನ್ ಮಾಡಿಸಿರಿ. ಹತ್ತು ನಿಮಿಷ ಮೊದಲು ಬಂದ ಅಂಬುಲೆನ್ಸು ಒಂದು ಜೀವ ಉಳಿಸೀತು.

ಕೊನೆಯದಾಗಿ ಒಂದು ಸಲಹೆಯನ್ನು ಸಭೆಯ ಮುಂದಿಡುತ್ತೇನೆ. ನವೆಂಬರ್ ತಿಂಗಳ ಮೂರನೇ ಭಾನುವಾರವನ್ನು ವಿಶ್ವಸಂಸ್ಥೆ 2005ರಲ್ಲಿ, ರಸ್ತೆಯಲ್ಲಿ ಮಡಿದವರನ್ನು ನೆನೆಯುವ ದಿನವೆಂದು ಒಪ್ಪಿಕೊಂಡಿದೆ. ಆ ದಿನ ಸಂಜೆ ಊರಿನ ಸೈಕಲ್ ಇರುವವರೆಲ್ಲ, ಯಾವ ಜಾತಿ, ಯಾವ ಓಣಿ ಎಂದು ನೋಡದೆ, ಸನವಳ್ಳಿಯಿಂದ ಮುಂಡಗೋಡದ ಪೇಟೆಯವರೆಗೆ ಒಂದೇ ಸಾಲಿನಲ್ಲಿ, ಮಾತಿಲ್ಲದೆ ಹೋಗಿ ಬರೋಣ. ಪೇಟೆಯಲ್ಲಿ ಭಾಷಣ ಬೇಡ, ನನ್ನದೂ ಬೇಡ. ತಾಲೂಕಿನ ಯಾವ ಯಾವ ತಿರುವಿನಲ್ಲಿ ಜನ ಬಿದ್ದಿದ್ದಾರೆ, ಎಲ್ಲಿ ಡಾಂಬರಿನ ಅಂಚು ಸರಿಪಡಿಸಬೇಕು, ಯಾವ ಶಾಲೆಯ ಮುಂದೆ ಉಬ್ಬು ಬೇಕು ಎಂಬ ಒಂದು ಹಾಳೆಯ ಮನವಿಯನ್ನು ಮರುದಿನ ತಹಶೀಲ್ದಾರರಿಗೂ ಲೋಕೋಪಯೋಗಿ ಇಲಾಖೆಗೂ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು ಬರೋಣ. ಆ ಪಟ್ಟಿ ತಯಾರಿಸುವ ಕೆಲಸ ಹೈಸ್ಕೂಲು ಮಕ್ಕಳದು, ರಸ್ತೆಯ ಗುಂಡಿಗಳು ಅವರಿಗೆ ಗೊತ್ತಿರುವಷ್ಟು ಇಂಜಿನಿಯರಿಗೆ ಗೊತ್ತಿರುವುದಿಲ್ಲ. ಸಾಲಿನ ಮುಂದೆ ಪದಾಧಿಕಾರಿಗಳಾದ ನಾವು ಯಾರೂ ಇರಬಾರದು. ಹೀಗೆ ಯಾರನ್ನಾದರೂ ಕಳೆದುಕೊಂಡ ಮನೆಯವರು ಒಪ್ಪಿದರೆ ಅವರು ಮುಂದಿರಲಿ, ಅವರ ವೇಗದಲ್ಲೇ ಉಳಿದವರು ಹಿಂದೆ ಬರಲಿ.